ಬೆಳಗಿನ ಸೊಪ್ಪಿಗೆ ಏಳದ ಏಡಿಗಾಡಿ

ಆ ದಿನ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕರೆದು ಡೇರಿಗೆ ಹಾಕಿ ಬಂದೆ. ಮನೆಬಟ್ಟೆ ಒಂದು ಬಕೆಟ್ಟಿನಲ್ಲಿ, ಗ್ಯಾರೇಜಿನ ಎಣ್ಣೆಬಟ್ಟೆ ಇನ್ನೊಂದರಲ್ಲಿ ನೆನೆಹಾಕಿ ಬೇರೆ ಬೇರೆ ಒಗೆದೆ. ಒಂದು ಮೊಪೆಡ್ಡಿಗೆ ಆಯಿಲ್ ಬದಲಿಸಿದೆ. ಅವರೆಕಾಯಿ ಸುಲಿದೆ. ಮೇಷ್ಟರೊಬ್ಬರ ಬೈಕಿಗೆ ಹೊಸ ಕ್ಲಚ್ ಕೇಬಲ್ ಹಾಕಿದೆ. ಕೈ ತೊಳೆದುಕೊಂಡು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಗೂಡ್ಸ್ ಆಟೋ ಒಂದು ಬಂದು ನಮ್ಮ ಅಂಗಳದಲ್ಲಿ ನಿಂತಿತು.

ಕೈಲಾಂಚದಲ್ಲಿ ರಸ್ತೆಗೇ ಬಾಗಿಲಿರುವ ಮನೆ ನಮ್ಮದು. ಮುಂಭಾಗದಲ್ಲಿ ಶೀಟು ಇಳಿಸಿ ಗ್ಯಾರೇಜು ಮಾಡಿಕೊಂಡಿದ್ದೇವೆ. ಇಂಜಿನ್ ಬಿಚ್ಚುವುದು, ಬೇರಿಂಗು, ಚಕ್ರ ಎಲ್ಲ ನಮ್ಮ ಯಜಮಾನರದು. ಕಾರ್ಬುರೇಟರು ಮತ್ತು ವೈರಿಂಗು ನನ್ನದು. ಆಟೋದ ಹಿಂದೆ ಹಗ್ಗ ಬಿಗಿದು ಕೂರಿಸಿದ್ದ ಗಾಡಿ ನೋಡಿ ಇಬ್ಬರೂ ಎದ್ದು ಹೋದೆವು. ನಾಲ್ಕು ದಪ್ಪ ಟೈರು, ಬೈಕಿನಂಥ ಹ್ಯಾಂಡಲು, ಕಾಲು ಅಗಲಿಸಿ ಕೂರುವ ಸೀಟು. ಎಟಿವಿ ಅನ್ನುತ್ತಾರೆ, ನಂಬರ್ ಪ್ಲೇಟಿಲ್ಲದ್ದರಿಂದ ಡಾಂಬರು ರಸ್ತೆಗೆ ಇಳಿಸುವಂತಿಲ್ಲ. ಬೆಟ್ಟದ ಕಡೆಯ ರೆಸಾರ್ಟೊಂದರಲ್ಲಿ ಭಾನುವಾರ ಬಂದವರು ಕೂತು ಕಲ್ಲುಮಣ್ಣಿನ ಮೇಲೆ ಸುತ್ತುತ್ತಿದ್ದ ಗಾಡಿ. ಅವರು ಹೊಸದು ತಂದಾಗ ಹಳೆಯದನ್ನು ನಮ್ಮ ಹೋಬಳಿಯ ರೇಷ್ಮೆ ಬೆಳೆಗಾರರೊಬ್ಬರು ಕೊಂಡು, ಹಿಂದೆ ಕಬ್ಬಿಣದ ಕ್ಯಾರಿಯರು ಬೆಸುಗೆ ಹಾಕಿಸಿ ಸೊಪ್ಪು ಹೊರಲು ಇಟ್ಟುಕೊಂಡಿದ್ದರು.

ಬೆಳೆಗಾರರು ಆಟೋದಿಂದ ಇಳಿಯುತ್ತಲೇ, "ಅಕ್ಕಾ, ಏಡಿ ತಂದಿವ್ನಿ. ಒಸಿ ನೋಡು" ಅಂದರು.

"ಏಡೀನ ಗ್ಯಾರೇಜಿಗ್ಯಾಕೆ ತಂದ್ರಿ ಅಣ್ಣಾ, ಸಾರಿಗಾದ್ರೆ ಅಡಿಗೆ ಮನೆ ಆ ಕಡೆ."

"ಗಾಡಿ ಕಣಕ್ಕ! ನಮ್ಮವ್ವ ಇಟ್ಟಿರೋ ಹೆಸ್ರು. ನಾಕೂ ಕಾಲು ಅಗಲಿಸ್ಕಂಡು ಬಂಡೆ ಮ್ಯಾಲೆ ಹತ್ತದು ನೋಡ್ಬುಟ್ಟು ಏಡಿ ಅಂದ್ಲು. ಈಗ ಊರೆಲ್ಲ ಅಂಗೇ ಅಂತದೆ."

ಗಾಡಿಯ ತೊಂದರೆ ಏನೆಂದರೆ, ಬೆಳಗಿನ ಜಾವ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಒತ್ತಿದರೆ ಇಂಜಿನ್ ಗುರ್ ಗುರ್ ಎಂದು ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಬಿಸಿಲು ಏರಿದ ಮೇಲೆ ಏನೂ ಆಗಿಯೇ ಇಲ್ಲ ಎಂಬಂತೆ ಒಂದೇ ಸಲಕ್ಕೆ ಏಳುತ್ತಿತ್ತು.

"ಹಂಗಾದ್ರೆ ಬಿಸ್ಲಲ್ಲೇ ಓಡ್ಸು, ಯಾರ್ ಬ್ಯಾಡ ಅಂದೋರು?" ಎಂದರು ನಮ್ಮ ಯಜಮಾನರು.

"ಬಿಸ್ಲಲ್ಲಿ ಕುಯ್ದ ಸೊಪ್ಪ ನೀನ್ ತಿಂತೀಯಾ ಭಾವಾ? ನನ್ ಹುಳ ಮೂಸೂ ನೋಡಾಕಿಲ್ಲ."

ಅದು ಹೌದು. ಹಿಪ್ಪುನೇರಳೆ ಸೊಪ್ಪನ್ನು ತಂಪಿನ ಹೊತ್ತಿನಲ್ಲಿ ಕೊಯ್ದು ತಂಪಿನಲ್ಲೇ ಮನೆ ಸೇರಿಸಬೇಕು. ಬಿಸಿಲಿಗೆ ಬಾಡಿದ್ದನ್ನು ಹುಳು ಮುಟ್ಟುವುದಿಲ್ಲ. ಇವರ ತೋಟವೋ ಊರಾಚೆ ಬಂಡೆಗುಡ್ಡದ ಮಗ್ಗುಲಲ್ಲಿದೆ. ಟ್ರ್ಯಾಕ್ಟರ್ ಹೋಗುವ ದಾರಿ ಅಲ್ಲ, ಎತ್ತು ಈಗ ಕಟ್ಟಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರ ಎಂದರೆ ಅವು ತಿನ್ನುವುದು ಬಿಟ್ಟು ಪೊರೆ ಕಳಚಿಕೊಳ್ಳುವ ಕಾಲ. ನಾಲ್ಕನೆಯದನ್ನು ಮುಗಿಸಿ ಎದ್ದ ಮೇಲೆ ಗೂಡು ಕಟ್ಟುವವರೆಗಿನ ಒಂದು ವಾರದಲ್ಲಿ ಅವು ತಿನ್ನುವಷ್ಟು ಸೊಪ್ಪನ್ನು ಅದಕ್ಕೆ ಹಿಂದಿನ ದಿನಗಳೆಲ್ಲ ಸೇರಿದರೂ ತಿಂದಿರುವುದಿಲ್ಲ. ಆ ವಾರ ಹೊಟ್ಟೆಗೆ ಕಡಿಮೆಯಾದರೆ ಗೂಡು ತೆಳ್ಳಗಾಗುತ್ತದೆ, ಇಲ್ಲವೇ ಹುಳು ರೋಗ ಹಿಡಿದು ಸಾಯುತ್ತದೆ. ಹಿಂದಿನ ಬೆಳೆ ಹಾಲುರೋಗ ಬಂದು ಪೂರ್ತಿ ತಿಪ್ಪೆ ಸೇರಿತ್ತು. ಇದೂ ಹೋದರೆ ಹುಳು ಕಟ್ಟುವುದನ್ನೇ ಬಿಡುವುದೆಂದು ಮನೆಯಲ್ಲಿ ಮಾತಾಗಿದೆ ಎಂದರು. ಅದನ್ನು ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ, ಟೈರಿಗೆ ಮೆತ್ತಿದ ಮಣ್ಣು ಕೆರೆಯುತ್ತಿದ್ದರು.

ಗಾಡಿ ಇಳಿಸಿದೆವು. ಸೆಲ್ಫ್ ಒತ್ತಿದೆ. ಎದ್ದಿತು.

"ನೋಡಕ್ಕಾ, ನನ್ ಮರ್ಯಾದೆ ಕಳ್ಯಾಕೆ ಹುಟ್ಟೈತೆ ಇದು" ಎಂದು ಅವರು ಸೀಟಿಗೊಂದು ಗುದ್ದಿದರು.

ಓಡುತ್ತಿರುವ ಗಾಡಿಯಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಕ್ರಮವಾಗಿ ನೋಡಿದೆ. ಇಂಜಿನ್‌ಗೆ ಬೇಕಾದದ್ದು ಪೆಟ್ರೋಲು, ಗಾಳಿ, ಕಿಡಿ, ಆಮೇಲೆ ಒಳಗಿನ ಒತ್ತಡ. ಪೆಟ್ರೋಲ್ ಪೈಪು ಕಿತ್ತು ಬಾಟಲಿಗೆ ಬಿಟ್ಟೆ, ಧಾರೆ ಸರಿಯಾಗಿತ್ತು. ಟ್ಯಾಂಕಿನ ಮುಚ್ಚಳದ ಉಸಿರುತೂತು ಊದಿದೆ, ತೆರೆದಿತ್ತು. ಏರ್ ಫಿಲ್ಟರಿನಲ್ಲಿ ಮಣ್ಣಿನ ಜೊತೆ ಬಿಳಿ ಪುಡಿ ಇತ್ತು. ತೊಳೆದು, ಹಿಂಡಿ, ಎಣ್ಣೆ ಸವರಿದೆ. ಪ್ಲಗ್ಗು ಬಿಚ್ಚಿ ಇಂಜಿನ್ ಮೈಗೆ ತಾಗಿಸಿ ಹಿಡಿದು ಸೆಲ್ಫ್ ಒತ್ತಿಸಿದೆ. ಕಿಡಿ ನೀಲಿಯಾಗಿ ದಪ್ಪಗೆ ಚಟಚಟ ಎಂದಿತು. ಹಾಗಾದರೆ ಕಿಡಿಯದಲ್ಲ ಎಂದುಕೊಂಡೆ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಕಾರ್ಬುರೇಟರು ಬಿಚ್ಚಿದಾಗ ಪೆಟ್ರೋಲು ಹಾಯುವ ಚಿಕ್ಕ ತೂತಿನ ಜೆಟ್ಟಿನಲ್ಲಿ ನಿಜವಾಗಿಯೂ ಕಸ ಸಿಕ್ಕಿತು. ಇಂಜಿನ್ ತಣ್ಣಗಿರುವಾಗ ಎಬ್ಬಿಸುವುದು ಆ ಜೆಟ್ಟೇ. ತೆಳು ತಾಮ್ರದ ಎಳೆ ತೂರಿಸಿ ಬಿಡಿಸಿದೆ. ಬೆಳಗಿನ ಚಳಿ, ಚಿಕ್ಕ ಜೆಟ್ಟಿನ ಕಸ, ಎರಡೂ ಸರಿಯಾಗಿ ಹೊಂದಿಕೊಂಡವು. ಹ್ಯಾಂಡಲಿನ ಮೇಲೆಲ್ಲ ಹಿಡಿದಿದ್ದ ಬಿಳಿ ಕರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟೆ. ಮನೆಗೆ ಸುಣ್ಣ ಬಳಿದಿರಬೇಕು, ಸಿಡಿದಿದೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದಾಗಲೇ ಫೋನು ಬಂತು. "ಅಕ್ಕಾ, ಏಳ್ಲಿಲ್ಲ ಕಣಕ್ಕ" ಅಷ್ಟೇ ಹೇಳಿದರು. ಹಿಂದೆ ಯಾರೋ ಹೆಂಗಸು, "ಹೊರೆ ಹೊರಾಕೆ ಆಳ್ ಕರೀರಿ, ಫೋನ್ ಮಡಗಿ ಸಾಕು" ಎಂದು ಕೂಗುವುದು ಕೇಳಿಸಿತು.

ಬಿಸಿಲೇರಿದ ಮೇಲೆ ಅದೇ ಗೂಡ್ಸ್ ಆಟೋ, ಅದೇ ಹಗ್ಗ. ಇಳಿಸಿ ಸೆಲ್ಫ್ ಒತ್ತಿದರೆ ಮತ್ತೆ ಎದ್ದಿತು. ಈ ಸಲ ನಮ್ಮ ಯಜಮಾನರು ಮುಂದೆ ಬಂದರು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇಂಜಿನ್ ತಿರುಗಿಸಿದರು. ಗಾಳಿ ಬೆರಳನ್ನು ನೂಕಿತು, ಆದರೆ ಅವರಿಗೆ ಸಮಾಧಾನವಾಗಲಿಲ್ಲ.

"ಪಿಸ್ಟನ್ ರಿಂಗ್ ಸವೆದೈತೆ. ತಣ್ಣಗಿದ್ದಾಗ ಒತ್ತಡ ಹಿಡಿಯಲ್ಲ, ಅದ್ಕೇ ಏಳಲ್ಲ. ರೆಸಾರ್ಟ್ನಲ್ಲಿ ಸಿಕ್ಕಿದೋರೆಲ್ಲ ಕುಣ್ಸಿರೋ ಇಂಜಿನ್ನು. ಹೆಡ್ ಬಿಚ್ಚನ, ಬೋರ್ ಮಾಡ್ಸನ."

"ಎಷ್ಟ್ ದಿನ ಭಾವಾ?" ಎಂದು ಬೆಳೆಗಾರರು ಕೇಳಿದರು.

"ಪಿಸ್ಟನ್ನು ರಾಮನಗರದಲ್ಲಿ ಸಿಗಲ್ಲ. ಬೆಂಗ್ಳೂರಿಂದ ಬರ್ಬೇಕು. ಬಂದ ಮ್ಯಾಲೆ ಎಲ್ಡ್ ದಿನ."

ಬೆಳೆಗಾರರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆ ದಿನ ಬೆಳಿಗ್ಗೆ ಮನೆಯವರೂ ಎರಡಾಳು ಹೆಂಗಸರೂ ತಲೆಹೊರೆಯಲ್ಲಿ ತಂದ ಸೊಪ್ಪು, ಹುಳು ಸಾಕುವ ಅಟ್ಟಣೆಗಳಲ್ಲಿ ಕೆಳಗಿನವಕ್ಕೇ ಮುಗಿದಿತ್ತು. ಮೇಲಿನ ಅಟ್ಟಣೆಯ ಹುಳು ಬರೀ ಕಡ್ಡಿಯ ಮೇಲೆ ತಲೆ ಎತ್ತಿಕೊಂಡು ಸೊಪ್ಪು ಹುಡುಕುತ್ತಿದ್ದವಂತೆ. "ನೋಡಾಕಾಗ್ಲಿಲ್ಲ ಕಣಕ್ಕ. ಮಕ್ಳು ತಟ್ಟೆ ಮುಂದೆ ಕೂತಂಗಿದ್ವು" ಎಂದರು.

ಯಜಮಾನರು ಹೆಡ್ಡಿನ ನಟ್ಟಿಗೆ ಸ್ಪ್ಯಾನರು ಹಾಕಿದ್ದರು. ನಾನು ಒಂದು ಲೋಟ ಟೀ ಬೆಳೆಗಾರರ ಕೈಗೆ ಕೊಟ್ಟು, ನನ್ನ ಲೋಟ ಹಿಡಿದು ನಿಂತೆ. ರಿಂಗು ಸವೆದಿದ್ದರೆ ಹೊಗೆ ಬರಬೇಕು. ಪ್ಲಗ್ಗಿಗೆ ಎಣ್ಣೆ ಹಿಡಿಯಬೇಕು. ನಿನ್ನೆ ಬಿಚ್ಚಿದ ಪ್ಲಗ್ಗು ಒಣಗಿದ್ದು ಬಿಸ್ಕತ್ತಿನ ಬಣ್ಣಕ್ಕಿತ್ತು.

"ಹೋದ ಬೆಳೇಲಿ ಗಾಡಿ ಹೆಂಗಿತ್ತಣ್ಣಾ?"

"ಸರೀಗಿತ್ತಲ್ಲ. ಚಳೀಲೂ ಏಳ್ತಿತ್ತು. ಈ ಬೆಳೇಲೇ ಹಿಂಗಾಡ್ತಿರೋದು."

ಒಂದು ಬೆಳೆಯಿಂದ ಇನ್ನೊಂದು ಬೆಳೆಯ ನಡುವೆ ಎಷ್ಟು ದಿನ? ಅಷ್ಟರಲ್ಲಿ ರಿಂಗು ಸವೆದು ಹೋಗುವುದಾದರೆ ಬಿಸಿಲಲ್ಲೂ ಅದರ ಗುರುತು ಕಾಣಬೇಕು. ನನಗೆ ಅನ್ನಿಸಿದ್ದು ಇಷ್ಟೇ: ಕಾಯಿಲೆ ಇರುವ ಹೊತ್ತಿನಲ್ಲಿ ನಾವು ಯಾರೂ ಈ ಗಾಡಿಯನ್ನು ನೋಡಿಲ್ಲ.

"ರೀ, ಸ್ಪ್ಯಾನರ್ ತೆಗೀರಿ" ಎಂದೆ.

"ಯಾಕೆ?"

"ಬಿಚ್ಚಿದ್ರೆ ಅವರ ಬೆಳೆ ಮುಗಿಯೋ ತನಕ ಇದು ಇಲ್ಲೇ ಇರ್ತದೆ. ನಾಳೆ ಬೆಳಗಿನ ಜಾವ ನಾನೇ ಅವರ ಮನೆ ತಾವ ಹೋಗಿ ನೋಡ್ತೀನಿ."

"ಹೋಗಿ, ರಿಂಗೇ ಅಂತ ಗೊತ್ತಾದ್ರೆ? ಇನ್ನೊಂದ್ ದಿನ ದಂಡ ಅವ್ನಿಗೆ."

"ಆದ್ರೆ ಆಯ್ತು. ಇವತ್ತು ಸಾಯಂಕಾಲದ ಸೊಪ್ಪಾದ್ರೂ ಹೊತ್ತುಹಾಕ್ತದಲ್ಲ."

ಅವರು ಬೆಳೆಗಾರರ ಕಡೆ ನೋಡಿದರು. ಬೆಳೆಗಾರರು ಟೀ ಕುಡಿದ ಲೋಟ ತೊಳೆದಿಟ್ಟು, "ಅಕ್ಕ ಬರ್ಲಿ ಭಾವಾ" ಎಂದರು. ಆಮೇಲೆ ಒಂದು ಹೆಜ್ಜೆ ಹೋಗಿ ತಿರುಗಿ, "ಸ್ನಾನ ಮಾಡ್ಕಂಡ್ ಬಾರಕ್ಕ. ನಮ್ಮವ್ವ ಒಸಿ ಹಂಗೇ" ಎಂದರು.

ಅವರವ್ವ ಹೇಗೆ ಎಂಬುದು ಮರುದಿನ ಗೊತ್ತಾಯಿತು. ಕತ್ತಲಿರುವಾಗಲೇ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಮೊಪೆಡ್ಡಿನಲ್ಲಿ ಹೋದೆ. ಮಂಜು ಎಷ್ಟಿತ್ತೆಂದರೆ ಕಣ್ಣರೆಪ್ಪೆ ಒದ್ದೆಯಾಗಿತ್ತು. ಅವರ ಮನೆಗೂ ಹುಳುಮನೆಗೂ ಸೇರಿ ಒಂದೇ ಗೇಟು. ಗೇಟಿನ ಹತ್ತಿರ ಹೋಗುತ್ತಿದ್ದಂತೆ ಒಳಗಿನಿಂದ ಧ್ವನಿ ಬಂತು.

"ಯಾರವ್ವಾ ಅದು? ಅಲ್ಲೇ ನಿಂತ್ಕೊ."

ಬೆನ್ನಿಗೆ ಔಷಧಿ ಹೊಡೆಯುವ ಕ್ಯಾನು ಹಾಕಿಕೊಂಡು, ತಲೆಗೆ ಟವೆಲು ಸುತ್ತಿದ್ದ ಸಣ್ಣ ಮೈಯ ಹೆಂಗಸು ಬಂದರು. ಎಪ್ಪತ್ತರ ಹತ್ತಿರ ಇರಬಹುದು. ಗೇಟಿನ ಸರಳಿನ ನಡುವೆ ಮೂಗು ತೂರಿಸಿ ನನ್ನನ್ನು ಮೂಸಿದರು.

"ಪೆಟ್ರೋಲು."

"ಸ್ನಾನ ಮಾಡೇ ಬಂದಿದೀನಿ ಅಮ್ಮ."

"ನೀನ್ ಮಾಡಿದೀಯ. ಚೀಲ ಮಾಡೈತಾ?"

ಸ್ಪ್ಯಾನರ್ ಚೀಲಕ್ಕೆ ಸ್ನಾನ ಮಾಡಿಸುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಪೆಟ್ರೋಲು, ಬೀಡಿ, ಊದುಬತ್ತಿ, ಯಾವ ವಾಸನೆಯೂ ಹುಳುವಿಗೆ ಆಗದು. ಹೊರಗಿನವರ ಕಾಲಧೂಳಿನಲ್ಲಿ ರೋಗ ಬರುತ್ತದೆ. ನನಗೂ ಗೊತ್ತಿರುವುದೇ. ಗೇಟಿನಾಚೆ ಹೊಂಗೆಮರದ ಕೆಳಗೇ ಕೆಲಸ ಮಾಡುತ್ತೇನೆಂದೆ. ಅವರ ಮಗ ಗಾಡಿಯನ್ನು ಹೊರಗೆ ತಳ್ಳಿಕೊಂಡು ಬಂದರು. ಅದು ರಾತ್ರಿಯೆಲ್ಲ ಹುಳುಮನೆಯ ಗೋಡೆ ಪಕ್ಕ ಬಯಲಲ್ಲೇ ನಿಂತಿತ್ತು. ಸೀಟಿನ ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿತ್ತು.

ಸೆಲ್ಫ್ ಒತ್ತಿದೆ. ಗುರ್ ಗುರ್ ಎಂದಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಬೆಳೆಗಾರರು ತಲೆ ಮೇಲೆ ಕೈಯಿಟ್ಟುಕೊಂಡರು. ನನಗೆ ಮಾತ್ರ ಸಮಾಧಾನವಾಯಿತು. ಕೊನೆಗೂ ಇದು ನನ್ನ ಮುಂದೆ ಕೆಟ್ಟು ನಿಂತಿತ್ತು.

ಪ್ಲಗ್ಗು ಬಿಚ್ಚಿದೆ. ಪೆಟ್ರೋಲಿನಿಂದ ಒದ್ದೆಯಾಗಿತ್ತು. ಅಂದರೆ ಪೆಟ್ರೋಲು ಬರುತ್ತಿದೆ, ಸುಡುತ್ತಿಲ್ಲ. ಒರೆಸಿ, ಇಂಜಿನ್ ಮೈಗೆ ತಾಗಿಸಿ ಹಿಡಿದು, ಒತ್ತಿ ಎಂದೆ. ಒಂದು ತೆಳುವಾದ ಕೆಂಪು ಎಳೆ ಕಂಡಿತು, ಮತ್ತೆ ಏನೂ ಇಲ್ಲ, ಮತ್ತೊಂದು ಎಳೆ. ಮೊನ್ನೆ ನೀಲಿಯಾಗಿ ಚಟಚಟ ಎಂದಿದ್ದು ಇದೇ ಪ್ಲಗ್ಗು. ಮೊದಲ ದಿನವೇ ನಾನು ಕೈಬಿಟ್ಟಿದ್ದ ಕಡೆಗೇ ಈಗ ವಾಪಸು ಬರಬೇಕಾಯಿತು.

ಹೊಸ ಪ್ಲಗ್ಗು ಹಾಕಿ ನೋಡಿದೆ, ಅದೇ ಕೆಂಪು ಎಳೆ. ಪ್ಲಗ್ಗಿನ ಟೋಪಿ ಬದಲಿಸಿದೆ, ಅದೇ. ಕಿಡಿಯ ಕಾಯಿಲ್ ಬೆಚ್ಚಗಾದರೆ ಸರಿಹೋಗುತ್ತದೇನೋ ಎಂದು ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ ಕಾದೆ. ಅದೇ. ಇತ್ತ ಮಂಜು ತೆಳುವಾಗುತ್ತಿತ್ತು. ಬೆಳೆಗಾರರ ಹೆಂಡತಿ ಕುಡುಗೋಲು, ಹಗ್ಗ ಹಿಡಿದು ಆಳುಗಳ ಜೊತೆ ತೋಟದ ಕಡೆ ಹೊರಟರು. ಹೋಗುತ್ತ ನನ್ನ ಕಡೆ ನೋಡಿ, "ನಾವ್ ಕುಯ್ದು ಕಟ್ಟಿರ್ತೀವಿ ಅಕ್ಕಾ. ಬಂದ್ರೆ ಬರ್ಲಿ, ಇಲ್ದಿದ್ರೆ ತಲೆ ಐತಲ್ಲ" ಎಂದರು.

ಸೀಟು ಎತ್ತಿದೆ. ಕೆಳಗೆ ಸಿಡಿಐ ಅನ್ನುವ ಒಂದು ಕಪ್ಪು ಡಬ್ಬಿ ಇರುತ್ತದೆ. ಕಿಡಿಗೆ ಕರೆಂಟು ಹೋಗುವುದು ಅದರಿಂದ. ಅದೇ ಡಬ್ಬಿಯಿಂದ ಒಂದು ವೈರು ಕೀಗೂ ಹ್ಯಾಂಡಲಿನ ಆಫ್ ಸ್ವಿಚ್ಚಿಗೂ ಹೋಗುತ್ತದೆ. ಸ್ವಿಚ್ಚು ಒತ್ತಿದರೆ ಆ ವೈರು ಗಾಡಿಯ ಕಬ್ಬಿಣಕ್ಕೆ ತಾಗುತ್ತದೆ, ಕರೆಂಟು ಅತ್ತ ಹರಿದು ಕಿಡಿ ಸಾಯುತ್ತದೆ, ಇಂಜಿನ್ ನಿಲ್ಲುತ್ತದೆ. ಯಾರೂ ಒತ್ತದೆಯೇ ಅದು ತಾಗುತ್ತಿದ್ದರೆ? ಪೂರ್ತಿಯಾಗಿ ಅಲ್ಲದಿದ್ದರೂ, ಅರ್ಧಂಬರ್ಧ ಸೋರುತ್ತಿದ್ದರೆ?

ಆ ಒಂದು ವೈರನ್ನು ಡಬ್ಬಿಯಿಂದ ಎಳೆದು ಪಕ್ಕಕ್ಕೆ ಮಡಚಿಟ್ಟೆ.

"ಒತ್ತಿ ಅಣ್ಣಾ."

ಕಿಡಿ ನೀಲಿಯಾಗಿ ಬಂತು. ಪ್ಲಗ್ಗು ಹಾಕಿ ಬಿಗಿದು ಮತ್ತೆ ಒತ್ತಿಸಿದೆ. ಎರಡು ಸಲ ಕೆಮ್ಮಿ ಇಂಜಿನ್ ಎದ್ದಿತು.

ಬೆಳೆಗಾರರು ಖುಷಿಗೆ ಕೀ ತಿರುಗಿಸಿ, ನಿಲ್ಲಿಸಿ, ಮತ್ತೆ ಎಬ್ಬಿಸಿ ನೋಡೋಣವೆಂದುಕೊಂಡರು. ಕೀ ತಿರುಗಿತು, ಇಂಜಿನ್ ನಿಲ್ಲಲಿಲ್ಲ. ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದು ನೋಡಿದರು. ಅದು ಓಡುತ್ತಲೇ ಇತ್ತು.

"ಅಕ್ಕಾ! ಕೀ ನನ್ ಕೈಯಲ್ಲೈತೆ, ಇದು ಓಡ್ತಾನೇ ಐತಲ್ಲ! ದೆವ್ವ ಗಿವ್ವ ಹೊಕ್ಕಂಡೈತಾ?"

"ನಿಲ್ಸೋ ವೈರು ಕಿತ್ತಿದೀನಿ ಅಣ್ಣಾ. ಇನ್ನು ಕೀ ಮಾತು ಕೇಳಲ್ಲ ಅದು."

ಒಳಗಿನಿಂದ ಅವರವ್ವ, "ಇಷ್ಟ್ ದಿನ ಏಳ್ತಿರ್ಲಿಲ್ಲ, ಈಗ ನಿಲ್ಲಲ್ವಾ? ಒಳ್ಳೆ ರಿಪೇರಿ ಮಾಡ್ದೆ ಕಣವ್ವ!" ಎಂದರು.

ಕೀಯಿಂದ ನಿಲ್ಲದ ಗಾಡಿಯನ್ನು ಬಂಡೆದಾರಿಗೆ ಅವರೊಬ್ಬರ ಕೈಗೆ ಕೊಟ್ಟು ಕಳಿಸಲು ನನಗೆ ಮನಸ್ಸಾಗಲಿಲ್ಲ. ಪೆಟ್ರೋಲಿನ ಕಾಕ್ ಎಲ್ಲಿದೆ ಎಂದು ತೋರಿಸಿದೆ. ಮುಚ್ಚಿದರೆ ಕಾರ್ಬುರೇಟರಿನಲ್ಲಿ ಇರುವಷ್ಟು ಉರಿದು ತಾನೇ ನಿಲ್ಲುತ್ತದೆ. ನಿಧಾನಕ್ಕೆ ಹೋಗಿ ಎಂದು ಹೇಳಿ ನಾನೂ ಹಿಂದಿನ ಕ್ಯಾರಿಯರಿನ ಸರಳು ಹಿಡಿದು ಕುಳಿತೆ. ದಾರಿಯಲ್ಲಿ ಗಾಡಿ ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಹಳ್ಳದಲ್ಲಿ ಇಟ್ಟು ಓರೆಯಾಗಿ ಹತ್ತುವಾಗ, ಆ ತಾಯಿ ಇಟ್ಟ ಹೆಸರು ಸರಿಯೆನಿಸಿತು. ತೋಟದಲ್ಲಿ ಹೆಂಗಸರು ಕಟ್ಟಿಟ್ಟಿದ್ದ ಹೊರೆಗಳನ್ನೆಲ್ಲ ಹೇರಿದೆವು. ಬರುವಾಗ ನನಗೆ ಕೂರಲು ಜಾಗವಿರಲಿಲ್ಲ, ಹಿಂದೆ ನಡೆದು ಬಂದೆ.

ಆ ಬೆಳಗಿನ ಸೊಪ್ಪು ಹಾಗೆ ಬಂತು. ಆದರೆ ಸೋರಿಕೆ ಎಲ್ಲಿ ಎಂಬುದು ಇನ್ನೂ ಗೊತ್ತಿರಲಿಲ್ಲ.

ನಾನು ಗೇಟು ತಲುಪುವ ಹೊತ್ತಿಗೆ ಗಾಡಿ ಅಲ್ಲಿ ನಿಂತಿತ್ತು, ಹೊರೆಗಳು ಇಳಿದಿದ್ದವು. ಅವರ ತಾಯಿ ಕ್ಯಾನಿನ ಹಿಡಿ ಒತ್ತುತ್ತ ಗಾಡಿಗೆ ಔಷಧಿ ನೀರು ಹೊಡೆಯುತ್ತಿದ್ದರು. ಮೊದಲು ಟೈರು, ಆಮೇಲೆ ಸೀಟು, ಕ್ಯಾರಿಯರು. ಕೊನೆಗೆ ಹ್ಯಾಂಡಲಿನ ಹತ್ತಿರ ಬಂದು, ಎಲ್ಲರೂ ಕೈಯಿಡುವ ಜಾಗವೆಂದು, ಅಲ್ಲಿ ಇನ್ನಷ್ಟು ಹೊತ್ತು ನಿಂತು ಹೊಡೆದರು. ನೀರು ಸ್ವಿಚ್ಚಿನ ಡಬ್ಬಿಯ ಸಂದಿಗೆ ಇಳಿಯುತ್ತಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

"ಅಮ್ಮಾ, ಒಸಿ ನಿಲ್ಲಿ! ದಿನಾ ಹಿಂಗೆ ಹೊಡೀತೀರಾ?"

"ಇನ್ನೇನು? ಬಂದಾಗೆಲ್ಲ ಹೊಡೀತೀನಿ. ರಾತ್ರಿ ಮಲಗಕ್ ಮುಂಚೆ ಒಂದ್ಸಲ ಹೊಡೀತೀನಿ. ಹೋದ ಬೆಳೇಲಿ ಹೊಡೀದೇ ಬುಟ್ಟಿದ್ಕೇ ಹಾಲುರೋಗ ಬಂದಿದ್ದು."

ಹೋದ ಬೆಳೆಯಲ್ಲಿ ಹೊಡೆದಿರಲಿಲ್ಲ, ಗಾಡಿ ಸರಿಯಿತ್ತು. ಈ ಬೆಳೆಯಲ್ಲಿ ಹೊಡೆದರು, ಗಾಡಿ ಕೆಟ್ಟಿತು. ಮೊದಲ ದಿನ ನಾನು ಸುಣ್ಣವೆಂದು ಒರೆಸಿದ್ದೂ ಇದನ್ನೇ.

ಸ್ವಿಚ್ಚಿನ ಡಬ್ಬಿಯ ಎರಡು ಸ್ಕ್ರೂ ತೆಗೆದೆ. ಒಳಗೆ ಬಿಳಿ ಕೆಸರು. ಹಿತ್ತಾಳೆಯ ನಾಲಿಗೆಗಳ ಮೇಲೆ ಹಸಿರು ಪಾಚಿಯಂಥದ್ದು ಬೆಳೆದಿತ್ತು. ಬೆಳೆಗಾರರನ್ನು ಕರೆದು ತೋರಿಸಿದೆ. "ಮಳೆಗಾಲದಲ್ಲಿ ಉಪ್ಪಿನ ಜಾಡಿ ತಾನಾಗೇ ನೀರು ಬುಡಲ್ವಾ ಅಣ್ಣಾ, ಇದೂ ಹಂಗೇ. ಒಣಗಿದ ಮೇಲೂ ಈ ಪುಡಿ ಒಳಗೇ ಕೂತಿರ್ತದೆ. ರಾತ್ರಿ ಇಬ್ಬನಿ ಹೀರ್ಕಂಡು ಒದ್ದೆ ಆಯ್ತದೆ. ಉಪ್ಪುನೀರಲ್ಲಿ ಕರೆಂಟು ಹರೀತದೆ. ಸ್ವಿಚ್ಚು ಯಾರೂ ಒತ್ತದೇನೇ ಒತ್ತಿದಂಗೆ. ಬಿಸ್ಲು ಬಂದ್ರೆ ಒಣಗಿ ಸರಿಯಾಯ್ತದೆ. ನಮ್ಮ ಗ್ಯಾರೇಜಿಗೆ ಬರೋ ಹೊತ್ಗೆ ಏನೂ ಇರಲ್ಲ."

ಅವರು ಒಳಗೆ ಇಣುಕಿ ನೋಡಿ, ತಾಯಿಯ ಕಡೆ ತಿರುಗಿ, "ನಿನ್ ಕೆಲ್ಸ ಕಣವ್ವೋ ಇದು!" ಎಂದರು.

"ನನ್ ಕೆಲ್ಸ ಹುಳ ಉಳ್ಸೋದು ಕಣ್ಲಾ. ನಿನ್ ಗಾಡಿ ಸಾಕೋದಲ್ಲ. ಹೊಡ್ಯೋದು ಬುಡಾಕಿಲ್ಲ ನಾನು. ಬೇಕಾರೆ ಗಾಡಿ ಮಾರ್ಕೊ."

"ಸೊಪ್ಪು ನೀನ್ ಹೊತ್ಕಂಡ್ ಬತ್ತೀಯಾ?"

"ಹೊತ್ತಿಲ್ವಾ? ನಿನ್ನ ಬಗಲಲ್ಲಿ ಕಟ್ಕಂಡು, ತಲೆ ಮ್ಯಾಲೆ ಸೊಪ್ಪು ಹೊತ್ತಿವ್ನಿ."

ಇಬ್ಬರೂ ಹೇಳುವುದು ಸರಿಯಾಗಿಯೇ ಇತ್ತು. ಬ್ಲೀಚಿಂಗ್ ಇಲ್ಲದಿದ್ದರೆ ರೋಗ, ಗಾಡಿ ಇಲ್ಲದಿದ್ದರೆ ಹಸಿವು, ಹುಳುವಿಗೆ ಎರಡೂ ಒಂದೇ. ಬೆಳೆಗಾರರ ಹೆಂಡತಿಯನ್ನು ಕೇಳಿ ಹಂಡೆಯಿಂದ ಒಂದು ಬಿಂದಿಗೆ ಬಿಸಿನೀರು ತರಿಸಿಕೊಂಡೆ. ಅಭ್ಯಾಸಕ್ಕೆ ಕೈ ಪೆಟ್ರೋಲಿನ ಸೀಸೆಗೇ ಹೋಗಿತ್ತು. ಆದರೆ ಉಪ್ಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ನೀರೇ ಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ನೀರು ತಿಳಿಯಾಗುವವರೆಗೆ ತೊಳೆದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದು ಬಿಸಿಲಿಗಿಟ್ಟೆ. ತೊಳೆದ ಮೇಲೆ ಇನ್ನೊಂದು ತೊಂದರೆ ಕಂಡಿತು. ಒಂದು ನಾಲಿಗೆ ಅರ್ಧಕ್ಕೇ ಸವೆದುಹೋಗಿತ್ತು. ಪಾಚಿಯೇ ಅದನ್ನು ಹಿಡಿದು ನಿಲ್ಲಿಸಿದ್ದಿರಬೇಕು. ಬ್ರಷ್ಷು ತಾಗಿದ್ದಕ್ಕೆ ಮುರಿದು ಬಿತ್ತು.

ಈ ಗಾಡಿಯ ಸ್ವಿಚ್ಚು ಎಲ್ಲೂ ಸಿಗುವುದಿಲ್ಲ. ಯಜಮಾನರಿಗೆ ಫೋನು ಮಾಡಿ ರಾಮನಗರಕ್ಕೆ ಹೋಗಿ ಬೈಕಿನದೊಂದು ಆಫ್ ಸ್ವಿಚ್ಚು ತರಲು ಹೇಳಿದೆ.

"ಸ್ವಿಚ್ಚಾ? ರಿಂಗಲ್ವಾ?"

"ರಿಂಗ್ ನಿಮ್ಮ ಬೆರಳಿಗೆ ಹಾಕ್ಕೊಳ್ಳಿ. ನಂಗೆ ಸ್ವಿಚ್ಚು ತನ್ನಿ."

ಪಕ್ಕದಲ್ಲಿದ್ದ ಬೆಳೆಗಾರರು ನಕ್ಕಿದ್ದು ಫೋನಿನಲ್ಲಿ ಅವರಿಗೆ ಕೇಳಿಸಿರಬೇಕು. ಸ್ವಿಚ್ಚು ತಂದುಕೊಟ್ಟಾಗ ಮುಖ ಸ್ವಲ್ಪ ಊದಿಕೊಂಡಿತ್ತು. ಆದರೂ ಹೊಂಗೆಮರದ ಕೆಳಗೆ ನನ್ನ ಜೊತೆ ಕುಕ್ಕರುಗಾಲಲ್ಲಿ ಕುಳಿತು, ಹ್ಯಾಂಡಲಿಗಿಂತ ದೊಡ್ಡದಾಗಿದ್ದ ಅದರ ಬಳೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂರಿಸಿದರು. ನಾನು ಹಾಳಾಗಿದ್ದ ವೈರಿನ ತುದಿ ಕತ್ತರಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದೆ. ಪ್ರತಿ ಜೋಡಣೆಗೂ ಗ್ರೀಸು ತುಂಬಿದೆ. ಸಿಡಿಐಗೆ ಕಿತ್ತಿದ್ದ ವೈರು ಮತ್ತೆ ಸಿಕ್ಕಿಸಿದೆ. ಕೀ ತಿರುಗಿಸಿದರೆ ಇಂಜಿನ್ ನಿಂತಿತು.

ಇಷ್ಟು ಹೊತ್ತೂ ಬೆಳೆಗಾರರ ತಾಯಿ ಗೇಟಿನ ಒಳಗೆ ಕಲ್ಲಿನ ಮೇಲೆ ಕುಳಿತು ನಮ್ಮ ಕೈಗಳನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ನೀರು ಬಿದ್ರೆ ಇದೂ ಹೋಯ್ತದಾ?" ಎಂದು ಕೇಳಿದರು.

"ಒಂದೆರಡು ಸಲಕ್ಕೆ ಹೋಗಲ್ಲ ಅಮ್ಮ. ದಿನಾ ಬಿದ್ರೆ ಹೋಯ್ತದೆ. ಎಷ್ಟು ಕಟ್ಟಿದ್ರೂ ಆ ನೀರು ನುಗ್ತದೆ."

ಅವರು ಎದ್ದರು. ಸುಣ್ಣದ ಪುಡಿಯ ಡಬ್ಬಿ ತಂದು ಗೇಟಿನ ಅಡ್ಡಕ್ಕೆ ದಪ್ಪವಾಗಿ ಒಂದು ಗೆರೆ ಎಳೆದರು.

"ಹಂಗಾರೆ ಏಡಿ ಈ ಗೆರೆ ದಾಟಿ ಒಳೀಕೆ ಬರ್‌ಬ್ಯಾಡ. ಸೊಪ್ಪು ಇಲ್ಲಿ ಇಳಿಸ್ಲಿ. ಒಳಗಿನೋರು ಕಾಲು ತೊಳ್ಕಂಡು ಒಳಕ್ಕೆ ಹೊರ್ಲಿ. ಅದನ್ನ ಹೊರಗೇ ಮಡಿಕ್ಕೊ, ನಾನು ಮುಟ್ಟಾಕಿಲ್ಲ."

"ಒಳಗಿನೋರು ಅಂದ್ರೆ ಯಾರು ಅತ್ತೆ?" ಎಂದು ಸೊಸೆ ಕೇಳಿದರು. "ನಾನೇ ಬುಡಿ" ಎಂದು ತಾವೇ ಹೇಳಿಕೊಂಡು ಬಿಂದಿಗೆ ಎತ್ತಿಕೊಂಡು ಹೋದರು. ಗೇಟಿನಿಂದ ಹುಳುಮನೆಯ ಬಾಗಿಲಿಗೆ ಸಾಕಷ್ಟು ದೂರವಿತ್ತು. ದಿನಕ್ಕೆ ಅಷ್ಟೂ ಹೊರೆ ಅವರ ಪಾಲಿಗೆ ಬಂತು. ಗಾಡಿ ರಿಪೇರಿಯಲ್ಲಿ ನನ್ನಿಂದ ಸರಿಮಾಡಲಾಗದೆ ಉಳಿದದ್ದು ಅದೊಂದು.

ಆ ರಾತ್ರಿ ಗಾಡಿಯನ್ನು ಹೊಂಗೆಮರದ ಕೆಳಗೆ, ಬೇಕೆಂದೇ ಹೊದಿಕೆ ಹಾಕದೆ ಇಬ್ಬನಿಗೆ ಬಿಡಲು ಹೇಳಿದ್ದೆ. ಬೆಳಿಗ್ಗೆ ಹಾಲು ಕರೆಯುತ್ತ ಫೋನನ್ನು ಕೊಟ್ಟಿಗೆಯ ಕಿಂಡಿಯಲ್ಲಿಟ್ಟುಕೊಂಡಿದ್ದೆ. ಅದು ಬಡಿದುಕೊಂಡಾಗ ಹಸು ಕಾಲು ಝಾಡಿಸಿತು. ಎತ್ತಿದರೆ ಮಾತಿಲ್ಲ, ಬರೀ ಇಂಜಿನ್ ಸದ್ದು. ಆಮೇಲೆ, "ಕೇಳ್ತಾ ಅಕ್ಕಾ?" ಎಂದರು ಬೆಳೆಗಾರರು.

ಅದಾದ ಮೇಲೆ ಪ್ರತಿದಿನ ಬೆಳಿಗ್ಗೆ ಗಾಡಿ ಎದ್ದಿತು. ಒಂದು ದಿನವಂತೂ ಮಂಜಿನ ಜೊತೆ ಸಣ್ಣ ಹನಿಯೂ ಇತ್ತು. ಅಂದು ನಾನು ಫೋನಿಗೆ ಕಾಯದೆ ಮೊಪೆಡ್ಡಿನಲ್ಲಿ ದಾರಿಯ ತಿರುವಿನವರೆಗೆ ಹೋಗಿ ನಿಂತೆ. ಸೊಪ್ಪಿನ ಗುಡ್ಡೆಯೊಂದು ಚಕ್ರ ಕಾಣದಂತೆ ಬಂಡೆ ಇಳಿದು ಬರುವುದನ್ನು ನೋಡಿ, ಅವರಿಗೆ ಕಾಣಿಸಿಕೊಳ್ಳದೆ ವಾಪಸು ಬಂದೆ.

ಹುಳು ಹಣ್ಣಾದ, ಅಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾದ ದಿನ ಮಧ್ಯಾಹ್ನ ಮತ್ತೆ ಫೋನು ಬಂತು. ಗಾಡಿಗೆ ಏನಾಯಿತೋ ಎಂದು ಎತ್ತಿದರೆ ಆ ಕಡೆ ಬೆಳೆಗಾರರ ತಾಯಿ.

"ಎಲ್ಲಾ ಒಂದೇ ಸಲ ಹಣ್ಣಾಗ್ಬುಟ್ಟವೆ ಕಣ್ ಮಗಾ. ಆಯಕ್ಕೆ ಕೈ ಸಾಲ್ದು. ಆಳ್ಗಳು ಬ್ಯಾರೆ ಮನೆಗೆ ಹೋಗವ್ರೆ. ಬತ್ತೀಯಾ?"

ಹಣ್ಣಾದ ಹುಳುವನ್ನು ಕೂಡಲೇ ಆಯ್ದು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಬಿಡಬೇಕು. ತಡವಾದರೆ ಇದ್ದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ನಾನು ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಮೊಣಕೈವರೆಗೂ ತಿಕ್ಕಿದೆ. ಉಗುರಿನ ಸಂದಿನ ಗ್ರೀಸನ್ನು ಹುಣಸೆಹಣ್ಣು ಹಚ್ಚಿ ತೆಗೆದೆ. ಯಜಮಾನರೂ ಬರುತ್ತೇನೆಂದರು. ಅವರ ಬೀಡಿಯನ್ನು ಮನೆಯಲ್ಲೇ ಇಡಿಸಿದೆ. ಗೇಟಿನಲ್ಲಿ ಆ ತಾಯಿ ನನ್ನ ಎರಡೂ ಕೈ ಹಿಡಿದು ಮೂಸಿದರು. ಅಂಗೈ ತಿರುಗಿಸಿ ಇನ್ನೊಮ್ಮೆ ಮೂಸಿ, ಗೆರೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಯಜಮಾನರನ್ನು ಹೊರಗೇ ನಿಲ್ಲಿಸಿ, ಚಂದ್ರಿಕೆಗಳನ್ನು ಎತ್ತಿಕೊಡುವ ಕೆಲಸ ಕೊಟ್ಟರು.

ಹುಳುಮನೆಯ ಒಳಗೆ ಬೆಚ್ಚಗಿತ್ತು. ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ಜೇನಿನ ಬಣ್ಣಕ್ಕೆ ಪಾರದರ್ಶಕವಾಗಿರುತ್ತದೆ, ಕೈಗೆ ತಣ್ಣಗೆ, ಮೆತ್ತಗೆ. ಜೆಟ್ಟು ಹಿಡಿಯುವ ಹಗುರದಲ್ಲೇ ಎತ್ತಿದೆ. ಮೇಲಿನ ಅಟ್ಟಣೆಯಲ್ಲಿ, ಒಂದು ಬೆಳಿಗ್ಗೆ ಹಸಿದುಕೊಂಡಿದ್ದವು ಮಾತ್ರ ಉಳಿದವಕ್ಕಿಂತ ಚೂರು ಸಣ್ಣವಿದ್ದವು. ಆದರೂ ಹಣ್ಣಾಗಿದ್ದವು. ಹಾಲುರೋಗದ ಹುಳು ಎಲ್ಲೂ ಸಿಗಲಿಲ್ಲ. ಆ ತಾಯಿ ಪ್ರತಿಯೊಂದು ಅಟ್ಟಣೆಯನ್ನೂ ಹುಡುಕಿ ನೋಡಿದರು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಚಂದ್ರಿಕೆ ತುಂಬಿತು. ಆಗಲೇ ಮೊದಲು ಬಿಟ್ಟ ಹುಳುಗಳ ಸುತ್ತ ತೆಳ್ಳನೆಯ ಜಾಲ ಕಾಣುತ್ತಿತ್ತು.

ಊಟಕ್ಕೆ ಅಲ್ಲೇ ಜಗಲಿಯ ಮೇಲೆ ಕುಳಿತೆವು. ಬಿಸಿ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು, ಹಸಿ ಈರುಳ್ಳಿ, ಮಜ್ಜಿಗೆ. ಸೊಸೆಗೆ ಹೆಗಲು ನೋಯುತ್ತಿದ್ದದ್ದಕ್ಕೆ ಅವರನ್ನು ಕೂರಿಸಿ ನಾನು ಬಡಿಸಿದೆ. ಬೆಳೆಗಾರರು ಎರಡನೇ ಮುದ್ದೆ ಹಾಕಿಸಿಕೊಂಡರು. ನಮ್ಮ ಯಜಮಾನರು ಬೀಡಿಯ ನೆನಪಿಗೆ ಎರಡು ಲೋಟ ಮಜ್ಜಿಗೆ ಕುಡಿದರು. ಬೆಳೆಗಾರರ ತಾಯಿ ಅರ್ಧ ಮುದ್ದೆ ತಿಂದು, ಕೈ ತೊಳೆದು, ಕಂಬಕ್ಕೆ ಒರಗಿಕೊಂಡರು. ಇಷ್ಟು ದಿನವೂ ಸೊಪ್ಪು ಹಾಕಲು ನಡುರಾತ್ರಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು. ಇನ್ನು ಯಾವ ಹುಳುವಿಗೂ ಸೊಪ್ಪು ಬೇಕಿರಲಿಲ್ಲ. ನಾವು ತಟ್ಟೆ ಎತ್ತುವುದರೊಳಗೆ ಅವರು ನಿದ್ದೆ ಹೋಗಿದ್ದರು.